ಕಸಿಗೆ ಮುಂಚೆ ಕೇಳಬೇಕಾದ ಪ್ರಶ್ನೆ

(ಡಯಾಲಿಸಿಸ್‌ನಲ್ಲಿರುವವರು, ಕಿಡ್ನಿ ಕಸಿ ಮಾಡಿಸಿಕೊಂಡವರು ಮತ್ತು ಅವರ ಮನೆಯವರಿಗಾಗಿ ದಾವಣಗೆರೆಯಲ್ಲಿ ಒಂದು ಭಾನುವಾರ ನಡೆದ ಸಭೆಯಲ್ಲಿ ಆಡಿದ ಮಾತುಗಳ ಬರಹ ರೂಪ. ಸಭಿಕರು ಕೇಳಿದ ಕೆಲವು ಪ್ರಶ್ನೆಗಳನ್ನೂ ಕೊನೆಯಲ್ಲಿ ಸೇರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ಮುಂದಿನ ಸಾಲಿನಲ್ಲಿ ಕುಳಿತವರ ಕೈಗಳನ್ನು ನೋಡುತ್ತಿದ್ದೇನೆ. ಉಬ್ಬಿಕೊಂಡಿರುವ ಫಿಸ್ಟುಲಾ (ಡಯಾಲಿಸಿಸ್‌ಗೆಂದು ಕೈಯಲ್ಲಿ ಮಾಡಿದ ರಕ್ತನಾಳಗಳ ಜೋಡಣೆ), ಸೂಜಿ ಚುಚ್ಚಿದ ಜಾಗಕ್ಕೆ ಅಂಟಿಸಿದ ಹತ್ತಿ. ನಿನ್ನೆ ಡಯಾಲಿಸಿಸ್ ಮುಗಿಸಿಕೊಂಡು ಇಂದು ಇಲ್ಲಿಗೆ ಬಂದಿದ್ದೀರಿ. ಜಗಳೂರು, ಚನ್ನಗಿರಿ, ಹೊಳಲ್ಕೆರೆ, ಹರಪನಹಳ್ಳಿ ಕಡೆಯಿಂದ ಬೆಳಗಿನ ಮೊದಲ ಬಸ್ಸಿಗೆ ಹೊರಟವರೂ ಇದ್ದೀರಿ. ದಿನಕ್ಕೆ ಇಷ್ಟೇ ಲೋಟ ನೀರು ಎಂದು ಅಳೆದು ಕುಡಿಯುವವರ ಸಮಯವನ್ನು ನಾನು ವ್ಯರ್ಥ ಮಾಡಬಾರದು. ಒಂದೇ ವಿಷಯ ಮಾತನಾಡುತ್ತೇನೆ. ಕಸಿ ಮಾಡಿಸಿಕೊಂಡವರಿಗೆ ಕ್ಷಯ ಬಾರದಂತೆ ನೋಡಿಕೊಳ್ಳುವುದು ಹೇಗೆ ಎಂಬುದು. ಅದರಲ್ಲಿ ಬಹುಪಾಲು ಕೆಲಸ ಕಸಿಗೆ ಮುಂಚೆಯೇ, ನೀವು ಈಗ ಕಳೆಯುತ್ತಿರುವ ಈ ಡಯಾಲಿಸಿಸ್ ದಿನಗಳಲ್ಲೇ ಆಗಬೇಕು. ಅದಕ್ಕಾಗಿಯೇ ಬಂದಿದ್ದೇನೆ.

ನಾನು ಎದೆರೋಗಗಳ ವೈದ್ಯ. ಕಿಡ್ನಿ ನನ್ನ ವಿಷಯವಲ್ಲ. ಕಿಡ್ನಿ ವೈದ್ಯರು 'ಎದೆ ಒಮ್ಮೆ ನೋಡಿ' ಎಂದು ಚೀಟಿ ಬರೆದು ಕಳುಹಿಸಿದ ರೋಗಿಗಳ ಮೂಲಕವೇ ಕಸಿಯ ಲೋಕ ನನಗೆ ಪರಿಚಯವಾದದ್ದು. ಅಂಥ ಒಬ್ಬ ಹುಡುಗನ ವಿಷಯದಿಂದ ಶುರು ಮಾಡುತ್ತೇನೆ. ಸುಮಾರು ಇಪ್ಪತ್ತು ವರ್ಷಗಳ ಹಿಂದಿನ ಮಾತು. ಹೆಸರು, ಊರು ಹೇಳುವುದಿಲ್ಲ.

ಇಪ್ಪತ್ತಾರು ವರ್ಷದ ಹುಡುಗ. ಎರಡೂ ಕಿಡ್ನಿ ಹೋಗಿದ್ದವು. ತಾಯಿ ತನ್ನದೊಂದನ್ನು ಕೊಡಲು ಮುಂದೆ ಬಂದಿದ್ದರು. ಶಸ್ತ್ರಚಿಕಿತ್ಸೆಗೆ ಮುಂಚೆ ಎದೆ ಪರೀಕ್ಷೆಗೆಂದು ನನ್ನ ಬಳಿ ಬಂದರು. ಎಕ್ಸ್-ರೇ ಶುಭ್ರವಾಗಿತ್ತು. ನನ್ನ ಕೋಣೆಯಲ್ಲಿ ತಾಯಿ, ಮಗ, ಸೋದರಮಾವ, ಜೊತೆಗೆ ಇನ್ನಿಬ್ಬರು ಹಿರಿಯರು ನಿಂತಿದ್ದರು. ಬಾಗಿಲು ತೆರೆದೇ ಇತ್ತು, ಹೊರಗೆ ಸಾಲು. ಬರೆಯುತ್ತಲೇ, ತಲೆ ಎತ್ತದೆ, ಗಟ್ಟಿಯಾಗಿ ಕೇಳಿದೆ: "ಮನೆಯಲ್ಲಿ ಯಾರಿಗಾದರೂ ಟಿ.ಬಿ. ಇತ್ತೇನಮ್ಮಾ?" ಆಕೆ "ಇಲ್ಲ ಸಾರ್" ಎಂದರು. ನಾನು "ಇಲ್ಲ" ಎಂದು ಬರೆದೆ.

ಬೆಂಗಳೂರಿನಲ್ಲಿ ಕಸಿ ಆಯಿತು, ಚೆನ್ನಾಗಿಯೇ ಆಯಿತು. ಏಳು ತಿಂಗಳ ನಂತರ ಹುಡುಗನಿಗೆ ಸಂಜೆ ಹೊತ್ತು ಮೈ ಬೆಚ್ಚಗಾಗತೊಡಗಿತು. ಕೆಮ್ಮು ಇಲ್ಲ, ಕಫ ಇಲ್ಲ. ಟೈಫಾಯ್ಡ್ ಎಂದು ಒಂದು ವಾರ, ಮಲೇರಿಯಾ ಎಂದು ಇನ್ನೊಂದು ವಾರ ಕಳೆಯಿತು. ಆರು ಕಿಲೋ ತೂಕ ಇಳಿದ ಮೇಲೆ ಸ್ಕ್ಯಾನ್ ಮಾಡಿಸಿದಾಗ ಹೊಟ್ಟೆಯೊಳಗಿನ ಗ್ರಂಥಿಗಳು ಗೊಂಚಲು ಗೊಂಚಲಾಗಿ ಊದಿದ್ದವು. ಸೂಜಿ ಹಾಕಿ ತೆಗೆದು ನೋಡಿದರೆ ಕ್ಷಯ.

ಆಗ ಆ ತಾಯಿ ಒಬ್ಬರೇ ನನ್ನ ಬಳಿ ಬಂದು ಹೇಳಿದ್ದು ಇದು: "ನಮ್ಮ ಮಾವನವರು ಎರಡು ವರ್ಷ ಕೆಮ್ಮಿ ಕೆಮ್ಮಿ ತೀರಿಕೊಂಡರು ಸಾರ್. ಕೊನೆಗೆ ರಕ್ತವೂ ಬೀಳುತ್ತಿತ್ತು. ಇವನು ಆಗ ಆರು ವರ್ಷದ ಹುಡುಗ, ತಾತನ ಹಾಸಿಗೆಯಲ್ಲೇ ಮಲಗುತ್ತಿದ್ದ. ಆವತ್ತು ನೀವು ಕೇಳಿದಾಗ ಪಕ್ಕದಲ್ಲಿ ನಿಂತಿದ್ದವರು ನಾವು ಮಗಳನ್ನು ಕೊಡಲಿದ್ದ ಮನೆಯವರು. ನಿಶ್ಚಿತಾರ್ಥ ಆಗಿ ಹದಿನೈದು ದಿನ ಆಗಿತ್ತು. ಬೀಗರ ಮುಂದೆ ನಾನು ಹೇಗೆ ಹೇಳಲಿ?"

ಹುಡುಗ ಬದುಕಿದ. ತಾಯಿ ಕೊಟ್ಟ ಕಿಡ್ನಿ ಉಳಿಯಲಿಲ್ಲ. ಅದು ಏಕೆ ಹೋಯಿತು ಎಂಬುದನ್ನು ಆಮೇಲೆ ಹೇಳುತ್ತೇನೆ, ಅದೊಂದು ಬೇರೆ ಪಾಠ. ಆ ತಾಯಿಯ ಮೇಲೆ ನನಗೆ ಆವತ್ತೂ ಸಿಟ್ಟು ಬರಲಿಲ್ಲ, ಇಂದೂ ಇಲ್ಲ. ತಪ್ಪು ನನ್ನದು. ಕೇಳಬೇಕಾದ ಪ್ರಶ್ನೆಯನ್ನು ಕೇಳಬಾರದ ರೀತಿಯಲ್ಲಿ ಕೇಳಿದ್ದೆ.

ಮುಂದಿನದನ್ನು ಹೇಳುವ ಮುನ್ನ ಈ ರೋಗಾಣುವಿನ ಸ್ವಭಾವ ತಿಳಿಯಬೇಕು. ಇದನ್ನು ಜರ್ಮನಿಯ ರಾಬರ್ಟ್ ಕಾಖ್ 1882ರ ಮಾರ್ಚ್ 24ರಂದು ಜಗತ್ತಿಗೆ ತೋರಿಸಿದರು. ಇದು ಬಹಳ ನಿಧಾನದ ಜೀವಿ. ನಮ್ಮ ಕರುಳಿನಲ್ಲಿರುವ ಕೆಲವು ಬ್ಯಾಕ್ಟೀರಿಯಾಗಳು ಇಪ್ಪತ್ತು ನಿಮಿಷಕ್ಕೊಮ್ಮೆ ಎರಡಾದರೆ, ಕ್ಷಯದ ಅಣು ಎರಡಾಗಲು ಹದಿನೈದು ಇಪ್ಪತ್ತು ಗಂಟೆ ಬೇಕು. ಅದಕ್ಕೆ ಅವಸರವೇ ಇಲ್ಲ. ಗಾಳಿಯಲ್ಲಿ ಬಂದು ಶ್ವಾಸಕೋಶಕ್ಕೆ ಇಳಿದಾಗ ನಮ್ಮ ಬಿಳಿ ರಕ್ತಕಣಗಳು ಅದನ್ನು ಸುತ್ತುಗಟ್ಟಿ, ಗೋಡೆ ಕಟ್ಟಿ, ಒಳಗೆ ಕೂಡಿಹಾಕುತ್ತವೆ. ಬಹಳ ಮಂದಿಯಲ್ಲಿ ಅದು ಅಲ್ಲೇ, ಸಾಯದೆ, ಬೆಳೆಯದೆ ಉಳಿದುಬಿಡುತ್ತದೆ. ಇದಕ್ಕೆ ಸುಪ್ತ ಸೋಂಕು ಎನ್ನುತ್ತೇವೆ. ಇಂಥವರಿಗೆ ಕಾಯಿಲೆ ಇಲ್ಲ, ಇವರಿಂದ ಇನ್ನೊಬ್ಬರಿಗೆ ಹರಡುವುದೂ ಇಲ್ಲ. 2019ರಿಂದ 2021ರವರೆಗೆ ನಮ್ಮ ದೇಶದಲ್ಲಿ ನಡೆದ ರಾಷ್ಟ್ರೀಯ ಸಮೀಕ್ಷೆಯಲ್ಲಿ ಹದಿನೈದು ವರ್ಷ ಮೇಲ್ಪಟ್ಟವರ ಪೈಕಿ ನೂರಕ್ಕೆ ಸುಮಾರು 31 ಜನರಲ್ಲಿ ಈ ಸೋಂಕು ಕಂಡುಬಂತು. ಈ ಸಭಾಂಗಣದಲ್ಲಿ ಇನ್ನೂರು ಜನ ಇದ್ದೀರಿ ಎಂದುಕೊಂಡರೆ ಅರವತ್ತು ಜನರ ಎದೆಯಲ್ಲಿ ಅದು ಮಲಗಿರಬಹುದು. ನನ್ನ ಎದೆಯಲ್ಲಿ ಖಂಡಿತ ಇದೆ. ಆರೋಗ್ಯವಂತರಲ್ಲಿ ಹೀಗೆ ಮಲಗಿದ್ದು ಇಡೀ ಜೀವಮಾನದಲ್ಲಿ ಎದ್ದು ಕಾಯಿಲೆಯಾಗುವುದು ನೂರಕ್ಕೆ ಐದರಿಂದ ಹತ್ತು ಜನರಿಗೆ ಮಾತ್ರ.

ದುರ್ಗದ ಕಡೆಯವರು ಇಲ್ಲಿ ಬಹಳ ಜನ ಇದ್ದೀರಿ. ರೋಗನಿರೋಧಕ ಶಕ್ತಿಯ ಬಗ್ಗೆ ಮಾತನಾಡುವವರೆಲ್ಲ ನಿಮ್ಮ ಕೋಟೆಯ ಕಿಂಡಿಯನ್ನೂ ಓಬವ್ವನ ಒನಕೆಯನ್ನೂ ನೆನೆಯುತ್ತಾರೆ. ನಾನೂ ಹಿಂದೆ ಹಾಗೆ ಹೇಳುತ್ತಿದ್ದೆ. ಈಗ ಹೇಳುವುದಿಲ್ಲ. ಕಸಿಯಾದವರ ವಿಷಯದಲ್ಲಿ ಆ ಹೋಲಿಕೆ ಹೊಂದುವುದಿಲ್ಲ. ಇಲ್ಲಿ ಶತ್ರು ಬಹುಪಾಲು ಹೊರಗಿನಿಂದ ನುಸುಳುವುದಿಲ್ಲ. ಇಪ್ಪತ್ತು ವರ್ಷಗಳ ಹಿಂದೆ ತಾತನ ಹಾಸಿಗೆಯಲ್ಲಿ ಒಳಗೆ ಬಂದವನು ಕೋಟೆಯೊಳಗಿನ ಸೆರೆಮನೆಯಲ್ಲೇ ಇದ್ದಾನೆ. ಕಸಿಯಾದ ದಿನ ನಾವೇ ಸೆರೆಮನೆಯ ಕಾವಲನ್ನು ಹಿಂದಕ್ಕೆ ಕರೆಸಿಕೊಳ್ಳುತ್ತೇವೆ.

ಏಕೆ ಕರೆಸಿಕೊಳ್ಳಬೇಕು? ಇನ್ನೊಬ್ಬರ ಅಂಗವನ್ನು ನಮ್ಮ ದೇಹ 'ಪರಕೀಯ' ಎಂದು ಗುರುತಿಸಿ ಕೊಲ್ಲಲು ಹೋಗುತ್ತದೆ. 1954ರಲ್ಲಿ ಬಾಸ್ಟನ್‌ನಲ್ಲಿ ಮೊದಲ ಬಾರಿ ಕಿಡ್ನಿ ಕಸಿ ಯಶಸ್ವಿಯಾದದ್ದು ಒಂದೇ ರೂಪದ ಅವಳಿ ಸಹೋದರರ ನಡುವೆ. ಇಬ್ಬರ ದೇಹವೂ ಒಂದೇ ಗುರುತಿನದು, ಹಾಗಾಗಿ ಔಷಧವೇ ಬೇಕಾಗಲಿಲ್ಲ. ಉಳಿದವರಿಗೆಲ್ಲ, ಕೊಟ್ಟವರು ಹೆತ್ತ ತಾಯಿಯೇ ಆಗಿದ್ದರೂ, ರೋಗನಿರೋಧಕ ಶಕ್ತಿಯನ್ನು ತಗ್ಗಿಸುವ ಗುಳಿಗೆ ಬೇಕೇ ಬೇಕು. ಟ್ಯಾಕ್ರೋಲಿಮಸ್, ಮೈಕೋಫಿನೊಲೇಟ್, ಪ್ರೆಡ್ನಿಸೊಲೋನ್ ಎಂದು ನಿಮ್ಮ ಚೀಟಿಗಳಲ್ಲಿ ಇರುತ್ತದೆ. ಹೊಸ ಕಿಡ್ನಿಯನ್ನು ಕಾಯುವ ಈ ಗುಳಿಗೆಗಳೇ ಕ್ಷಯವನ್ನು ಸುತ್ತುಗಟ್ಟಿದ್ದ ಗೋಡೆಯನ್ನೂ ತೆಳುವಾಗಿಸುತ್ತವೆ. ಇದರಲ್ಲಿ ಯಾರ ತಪ್ಪೂ ಇಲ್ಲ. ದಯವಿಟ್ಟು ಇದನ್ನು ಕೇಳಿ ಯಾರೂ ಆ ಗುಳಿಗೆ ನಿಲ್ಲಿಸಬೇಡಿ. ನಿಲ್ಲಿಸಿದರೆ ಕ್ಷಯಕ್ಕೆ ಮುಂಚೆ ಕಿಡ್ನಿಯೇ ಹೋಗುತ್ತದೆ.

ಅಪಾಯ ಎಷ್ಟು? ಸಾಮಾನ್ಯ ಜನರಿಗಿಂತ ಕಸಿಯಾದವರಿಗೆ ಕ್ಷಯ ಬರುವ ಸಾಧ್ಯತೆ ಇಪ್ಪತ್ತು ಪಟ್ಟಿಗೂ ಹೆಚ್ಚು. ನಮ್ಮ ದೇಶದಲ್ಲಿ ಕಿಡ್ನಿ ಕಸಿ ಮೊದಲು ಯಶಸ್ವಿಯಾಗಿ ನಡೆದದ್ದು 1971ರಲ್ಲಿ, ವೆಲ್ಲೂರಿನ ಕ್ರಿಶ್ಚಿಯನ್ ವೈದ್ಯಕೀಯ ಕಾಲೇಜಿನಲ್ಲಿ. ಅಲ್ಲಿನ ವೈದ್ಯರೇ ಮುಂದೆ ತಮ್ಮಲ್ಲಿ ಕಸಿಯಾದ 1200ಕ್ಕೂ ಹೆಚ್ಚು ಜನರನ್ನು ಹಿಂಬಾಲಿಸಿ ನೋಡಿದಾಗ ನೂರಕ್ಕೆ ಸುಮಾರು 13 ಮಂದಿಗೆ ಕ್ಷಯ ಬಂದಿತ್ತು. ಸಕ್ಕರೆ ಕಾಯಿಲೆ ಇದ್ದವರಲ್ಲಿ ಇನ್ನೂ ಹೆಚ್ಚು. ಜಗತ್ತಿನಲ್ಲಿ ಕ್ಷಯ ತಗುಲುವ ಪ್ರತಿ ನಾಲ್ವರಲ್ಲಿ ಒಬ್ಬರು ಭಾರತದವರು. ಆದ್ದರಿಂದ ಅಮೆರಿಕದ ಪುಸ್ತಕ ನೋಡಿ 'ಇದು ಅಪರೂಪ' ಎಂದುಕೊಳ್ಳುವ ಹಾಗಿಲ್ಲ.

ಈಗ ಸುಪ್ತ ಸೋಂಕನ್ನು ಪತ್ತೆಮಾಡುವ ಪರೀಕ್ಷೆಗಳ ವಿಷಯ. ಮಾಂಟೂ ಪರೀಕ್ಷೆ ನಿಮ್ಮಲ್ಲಿ ಕೆಲವರಿಗೆ ಆಗಿರಬಹುದು. ಮುಂಗೈಯ ಒಳಭಾಗದಲ್ಲಿ, ಚರ್ಮದ ಪದರದೊಳಗೆ, ಒಂದು ಮಿಲಿಲೀಟರಿನ ಹತ್ತನೇ ಒಂದು ಭಾಗದಷ್ಟು ದ್ರವ ಹಾಕುತ್ತಾರೆ. ಸರಿಯಾಗಿ ಹಾಕಿದರೆ ಅಲ್ಲೇ ಒಂದು ಸಣ್ಣ ಬಿಳಿ ಬೊಕ್ಕೆ ಏಳುತ್ತದೆ, ಅದರ ಮೇಲೆ ಕಿತ್ತಳೆ ಸಿಪ್ಪೆಯ ಮೇಲಿರುವಂಥ ಚಿಕ್ಕ ಚಿಕ್ಕ ತೂತುಗಳು ಕಾಣುತ್ತವೆ. ಎರಡು ಮೂರು ದಿನ ಬಿಟ್ಟು ಹೋದಾಗ ಅಳೆಯುವುದು ಕೆಂಪನ್ನು ಅಲ್ಲ, ಗಟ್ಟಿಯಾದ ಭಾಗವನ್ನು. ಕಣ್ಣು ಮುಚ್ಚಿ ಬೆರಳಿನಿಂದ ತಡವಿ ಅಂಚು ಎಲ್ಲಿ ಸಿಗುತ್ತದೋ ಅಲ್ಲಿ ಪೆನ್ನಿನ ಗೆರೆ ಎಳೆದು ಸ್ಕೇಲು ಇಡಬೇಕು. ಕಸಿಗೆ ಸಿದ್ಧರಾಗುವವರಲ್ಲಿ ಐದು ಮಿಲಿಮೀಟರ್ ಗಟ್ಟಿ ಇದ್ದರೂ ಸೋಂಕಿದೆ ಎಂದೇ ಲೆಕ್ಕ. ಇಗ್ರಾ ಎಂಬ ರಕ್ತ ಪರೀಕ್ಷೆಯೂ ಇದೆ. ಬಾಲ್ಯದಲ್ಲಿ ಹಾಕಿಸಿಕೊಂಡ ಬಿಸಿಜಿ ಲಸಿಕೆ ಅದನ್ನು ದಾರಿ ತಪ್ಪಿಸುವುದಿಲ್ಲ.

ಆದರೆ ಈ ಎರಡೂ ಪರೀಕ್ಷೆಗಳು ಕೇಳುವುದು ನಿಮ್ಮ ದೇಹದ ನೆನಪನ್ನು. 'ಈ ಅಣುವನ್ನು ಹಿಂದೆ ಎಲ್ಲಾದರೂ ನೋಡಿದ್ದೀಯಾ?' ಎಂದು ಕೇಳಿದಾಗ, ವರ್ಷಗಟ್ಟಲೆ ಡಯಾಲಿಸಿಸ್‌ನಲ್ಲಿದ್ದು ಬಳಲಿದ ದೇಹ ಎಷ್ಟೋ ಸಲ ಉತ್ತರವನ್ನೇ ಕೊಡುವುದಿಲ್ಲ. ಸೋಂಕು ಇರುತ್ತದೆ, ಕೈ ಊದುವುದಿಲ್ಲ. ನಾನು ಹೇಳಿದ ಹುಡುಗನ ಕೈಯೂ ಊದಿರಲಿಲ್ಲ. ದೇಹ ಮರೆತದ್ದನ್ನು ಮನೆಯವರು ನೆನಪಿಸಿಕೊಳ್ಳಬೇಕು. ಅದಕ್ಕೇ ಆ ಪ್ರಶ್ನೆಗೆ ಇಷ್ಟು ಮಹತ್ವ.

ಅದನ್ನು ಹೇಗೆ ಕೇಳಬೇಕು? 'ಟಿ.ಬಿ. ಇತ್ತೇ' ಎಂದರೆ ಯಾರೂ ಹೌದೆನ್ನುವುದಿಲ್ಲ. ಸುಳ್ಳು ಹೇಳುತ್ತಾರೆ ಎಂದಲ್ಲ, ಎಷ್ಟೋ ಮನೆಗಳಲ್ಲಿ ಆ ಹೆಸರೇ ಬಂದಿರುವುದಿಲ್ಲ. ದಮ್ಮು ಎಂದಿರುತ್ತಾರೆ, ಎದೆ ಕಾಯಿಲೆ ಎಂದಿರುತ್ತಾರೆ, ಯಾರದೋ ದೃಷ್ಟಿ ಎಂದಿರುತ್ತಾರೆ. ಆದ್ದರಿಂದ ಮನೆಯ ಅತಿ ಹಿರಿಯರ ಪಕ್ಕದಲ್ಲಿ, ಊಟವಾದ ಮೇಲೆ, ಹೊರಗಿನವರು ಇಲ್ಲದ ಹೊತ್ತಿನಲ್ಲಿ ಕುಳಿತು ಹೀಗೆ ಕೇಳಿ: ಅಜ್ಜಿ, ನಮ್ಮ ಮನೆಯಲ್ಲಿ ತಿಂಗಳುಗಟ್ಟಲೆ ಕೆಮ್ಮಿದವರು ಯಾರಾದರೂ ಇದ್ದರೇ? ಕಫದಲ್ಲಿ ರಕ್ತ ಬಿದ್ದಿತ್ತೇ? ದಿನಾ ಸೂಜಿ ಹಾಕಿಸಿಕೊಳ್ಳಲು ಆಸ್ಪತ್ರೆಗೆ ನಡೆದು ಹೋಗುತ್ತಿದ್ದವರು ಇದ್ದರೇ? ಕ್ಷಯಕ್ಕೆ ಕೊಡುತ್ತಿದ್ದ ಸ್ಟ್ರೆಪ್ಟೊಮೈಸಿನ್ ಸೂಜಿ ಎರಡು ಮೂರು ತಿಂಗಳು ನಡೆಯುತ್ತಿತ್ತು, ಹಳಬರು ಔಷಧದ ಹೆಸರು ಮರೆತರೂ ಆ ನೋವನ್ನು ಮರೆಯುವುದಿಲ್ಲ. ಆರು ತಿಂಗಳು ಗುಳಿಗೆ ನುಂಗಿದವರು, ಮೂತ್ರ ಕೆಂಪಗೆ ಹೋಗುತ್ತದೆ ಎಂದು ಹೆದರಿದವರು? ಅದು ಕ್ಷಯದ ಔಷಧ ರಿಫಾಂಪಿಸಿನ್‌ನ ಗುರುತು. ಕತ್ತಿನಲ್ಲಿ ಗಂಡಮಾಲೆ ಎದ್ದು ಸೋರಿದವರು? ಅದೂ ಹೆಚ್ಚಿನ ಸಲ ಕ್ಷಯವೇ. ಗಾಯವಾಗದೆ, ಬೀಳದೆ ಬೆನ್ನು ಗೂನಾದವರು? ಸ್ಯಾನಟೋರಿಯಂಗೆ ಹೋಗಿ ಬಂದವರು? ಅದು ಹಿಂದಿನ ಕಾಲದ ಕ್ಷಯದ ಆಸ್ಪತ್ರೆ.

ಇಷ್ಟು ಕೇಳಿದಾಗ ಅಜ್ಜಿಯ ಬಾಯಿಂದ ಯಾರಾದರೊಬ್ಬರ ಹೆಸರು ಬಂದೇ ಬರುತ್ತದೆ. ಆಗ ಇನ್ನೊಂದನ್ನು ಕೇಳಿ: ಆ ಸಮಯದಲ್ಲಿ ನಾನು ಎಲ್ಲಿ ಮಲಗುತ್ತಿದ್ದೆ? ದೂರದ ಊರಿನಲ್ಲಿದ್ದ ಚಿಕ್ಕಪ್ಪನ ಕ್ಷಯಕ್ಕೂ ಒಂದೇ ಕೋಣೆಯಲ್ಲಿ ಮಲಗುತ್ತಿದ್ದ ತಾತನ ಕ್ಷಯಕ್ಕೂ ಅಜಗಜಾಂತರ. ಇದನ್ನೆಲ್ಲ ಒಂದು ಹಾಳೆಯಲ್ಲಿ ಬರೆದು ಫೈಲಿನ ಮೊದಲ ಪುಟಕ್ಕೆ ಪಿನ್ನು ಮಾಡಿ. ಬಾಯಿಬಿಟ್ಟು ಹೇಳಲು ಆಗದಿದ್ದರೆ ಆ ಹಾಳೆಯನ್ನು ವೈದ್ಯರ ಮುಂದೆ ಇಡಿ, ಸಾಕು. ಹೆಣ್ಣು ಕೊಡುವ ತರುವ ಮನೆಗಳಲ್ಲಿ ಈ ಮಾತು ಎಷ್ಟು ಭಾರ ಎಂಬುದು ನನಗೆ ಗೊತ್ತಿದೆ. ಆ ಭಾರವನ್ನು ರೋಗಿಯ ಮನೆಯವರ ಮೇಲೆ ಹೊರಿಸಬಾರದು. ಬಾಗಿಲು ಮುಚ್ಚಿ, ಜೊತೆಗೆ ಬಂದವರನ್ನು ಹೊರಗೆ ಕಳುಹಿಸಿ, ತಲೆ ಎತ್ತಿ ಕೇಳುವುದು ವೈದ್ಯನ ಕೆಲಸ. ನನ್ನ ಕಿರಿಯ ಸಹೋದ್ಯೋಗಿಗಳು ಇಲ್ಲಿ ಇದ್ದಾರೆ, ಅವರಿಗೂ ಸೇರಿಸಿ ಹೇಳುತ್ತಿದ್ದೇನೆ.

ಕಿಡ್ನಿ ಕೊಡುವವರಿಗೂ ಇದೇ ಪ್ರಶ್ನೆ. ಜೀವಂತ ದಾನಿ ಸಾಮಾನ್ಯವಾಗಿ ಅದೇ ಮನೆಯವರು, ಅದೇ ಗಾಳಿ ಉಸಿರಾಡಿದವರು. ಕೊಡುವ ಅಂಗದೊಳಗೇ ಕ್ಷಯ ಮಲಗಿರುವ ಸಾಧ್ಯತೆ ಇದೆ. ದಾನಿಗೂ ಎದೆ ಎಕ್ಸ್-ರೇ, ಅಗತ್ಯ ಬಿದ್ದರೆ ಮೂತ್ರದಲ್ಲಿ ಕ್ಷಯದ ಪರೀಕ್ಷೆ ಆಗಬೇಕು. ಮೆದುಳು ನಿಷ್ಕ್ರಿಯಗೊಂಡವರ ಅಂಗ ರಾಜ್ಯದ ಅಂಗದಾನ ವ್ಯವಸ್ಥೆಯಾದ 'ಜೀವಸಾರ್ಥಕತೆ' ಮೂಲಕ ಸಿಕ್ಕಾಗ ದಾನಿಯನ್ನು ಕೇಳಲಾಗುವುದಿಲ್ಲ. ದುಃಖದಲ್ಲಿರುವ ಅವರ ಮನೆಯವರನ್ನೇ ಮೆಲ್ಲಗೆ ಕೇಳಬೇಕು.

ಸೋಂಕು ಇದೆ ಎಂದು ಗೊತ್ತಾದರೆ ಹೆದರಬೇಕಾಗಿಲ್ಲ, ಗೊತ್ತಾದದ್ದೇ ಒಳ್ಳೆಯದು. ಮೊದಲು ಕಾಯಿಲೆಯಾಗಿ ಎದ್ದಿದೆಯೇ ಎಂದು ಖಚಿತಪಡಿಸಿಕೊಳ್ಳಬೇಕು. ಎದ್ದಿದ್ದರೆ ಪೂರ್ತಿ ಚಿಕಿತ್ಸೆ, ಕಸಿ ಆಮೇಲೆ. ಮಲಗಿದ್ದರೆ ಕ್ಷಯ ತಡೆ ಚಿಕಿತ್ಸೆ. ಈ ಎರಡನ್ನೂ ಕಲಸಿಬಿಡಬಾರದು. ಎದ್ದ ಕ್ಷಯಕ್ಕೆ ತಡೆ ಚಿಕಿತ್ಸೆಯ ಒಂದೇ ಗುಳಿಗೆ ಕೊಟ್ಟರೆ ಅಣು ಆ ಔಷಧವನ್ನು ಮೀರುವುದನ್ನು ಕಲಿಯುತ್ತದೆ. ತಡೆ ಚಿಕಿತ್ಸೆಯಲ್ಲಿ ಹಳೆಯ ಕ್ರಮ ಐಸೋನಿಯಜಿಡ್ ಗುಳಿಗೆ, ದಿನಕ್ಕೊಂದು, ಆರರಿಂದ ಒಂಬತ್ತು ತಿಂಗಳು, ಜೊತೆಗೆ ಕೈಕಾಲು ಜೋಮು ಹಿಡಿಯದಂತೆ ಬಿ6 ವಿಟಮಿನ್. ಹೊಸ ಕ್ರಮದಲ್ಲಿ ಐಸೋನಿಯಜಿಡ್ ಜೊತೆ ರಿಫಾಪೆಂಟಿನ್ ಸೇರಿಸಿ ವಾರಕ್ಕೊಮ್ಮೆ, ಹನ್ನೆರಡು ವಾರ. ಎರಡನೆಯದನ್ನು ಕಸಿಗೆ ಮುಂಚೆ ಮುಗಿಸುವುದೇ ಕ್ಷೇಮ. ಏಕೆ ಎಂಬುದು ಈಗಲೇ ತಿಳಿಯುತ್ತದೆ. 2021ರಲ್ಲಿ ಕೇಂದ್ರ ಸರ್ಕಾರ ಹೊರಡಿಸಿದ ಮಾರ್ಗಸೂಚಿಯಲ್ಲಿ ಡಯಾಲಿಸಿಸ್‌ನಲ್ಲಿರುವವರನ್ನೂ ಕಸಿಗೆ ಸಿದ್ಧರಾಗುತ್ತಿರುವವರನ್ನೂ ತಡೆ ಚಿಕಿತ್ಸೆಗೆ ಪರಿಗಣಿಸಬೇಕಾದವರ ಪಟ್ಟಿಯಲ್ಲಿ ಸೇರಿಸಿದ್ದಾರೆ. ಅಂದರೆ ಇದನ್ನು ಕೇಳುವ ಹಕ್ಕು ನಿಮಗಿದೆ. ಗುಳಿಗೆ ಶುರುವಾದ ಮೇಲೆ ಊಟ ಸೇರದಿದ್ದರೆ, ವಾಂತಿ ಬಂದರೆ, ಕಣ್ಣು ಹಳದಿಯಾದರೆ ಅದೇ ದಿನ ಬನ್ನಿ. ಯಕೃತ್ತಿಗೆ ತೊಂದರೆಯಾಗುತ್ತಿರಬಹುದು.

ಈಗ ಆ ಕಿಡ್ನಿ ಏಕೆ ಹೋಯಿತು ಎಂದು ಹೇಳಬೇಕು.

ಕ್ಷಯ ಎಂದು ತಿಳಿದ ಕೂಡಲೇ ಮನೆಯವರು ಗಾಬರಿಯಿಂದ ಹತ್ತಿರದಲ್ಲೇ ಒಂದು ಕಡೆ ಔಷಧ ಶುರು ಮಾಡಿಸಿದರು. ಕೊಟ್ಟವರು ಒಳ್ಳೆಯ ಮನಸ್ಸಿನಿಂದಲೇ ಕೊಟ್ಟರು, ಎಲ್ಲರಿಗೂ ಕೊಡುವ ಗುಳಿಗೆಗಳನ್ನೇ ಕೊಟ್ಟರು. ಕಸಿಯಾಗಿದೆ ಎಂದು ಇವರು ಹೇಳಲಿಲ್ಲ, ಅವರು ಕೇಳಲಿಲ್ಲ. ಆ ಗುಳಿಗೆಗಳಲ್ಲಿ ರಿಫಾಂಪಿಸಿನ್ ಇತ್ತು. ಆಗಲೇ ಹೇಳಿದ ರಿಫಾಪೆಂಟಿನ್ ಕೂಡ ಇದೇ ಬಳಗದ್ದು.

ರಿಫಾಂಪಿಸಿನ್ ಮಣ್ಣಿನ ಒಂದು ಸೂಕ್ಷ್ಮಜೀವಿಯಿಂದ ಬಂದ ಔಷಧ. ಟ್ಯಾಕ್ರೋಲಿಮಸ್ ಕೂಡ ಮಣ್ಣಿನ ಇನ್ನೊಂದು ಸೂಕ್ಷ್ಮಜೀವಿಯಿಂದಲೇ ಬಂದದ್ದು. ಅದು 1984ರಲ್ಲಿ ಜಪಾನಿನ ತ್ಸುಕುಬಾದ ಮಣ್ಣಿನಲ್ಲಿ ಸಿಕ್ಕಿತು. ಎರಡೂ ಜೀವ ಉಳಿಸುವ ಔಷಧಗಳೇ. ಆದರೆ ಇವೆರಡೂ ಯಕೃತ್ತಿನಲ್ಲಿ ಎದುರಾಗುತ್ತವೆ. ಔಷಧಗಳನ್ನು ಒಡೆದು ಹೊರಹಾಕುವ ಕಿಣ್ವಗಳನ್ನು ರಿಫಾಂಪಿಸಿನ್ ಹಲವು ಪಟ್ಟು ಚುರುಕು ಮಾಡುತ್ತದೆ. ನೀವು ಗಡಿಯಾರ ನೋಡಿ ಹನ್ನೆರಡು ಗಂಟೆಗೊಮ್ಮೆ ನುಂಗುವ ಟ್ಯಾಕ್ರೋಲಿಮಸ್ ರಕ್ತಕ್ಕೆ ಸೇರುವ ಮುಂಚೆಯೇ ಕರಗಿಹೋಗುತ್ತದೆ. ಗುಳಿಗೆ ತಪ್ಪದೆ ನುಂಗುತ್ತಿದ್ದರೂ ನುಂಗದೇ ಇದ್ದ ಹಾಗೆ. ಕಿಡ್ನಿ ಸೋತಷ್ಟೂ ರಕ್ತದಲ್ಲಿ ಏರುವ ಕ್ರಿಯೇಟಿನಿನ್ ಆ ಹುಡುಗನಲ್ಲಿ 1.3 ಇದ್ದದ್ದು ಕೆಲವೇ ವಾರಗಳಲ್ಲಿ 4 ದಾಟಿತು. ಗೊತ್ತಾಗಿ ಬೆಂಗಳೂರಿಗೆ ಓಡುವಷ್ಟರಲ್ಲಿ ದೇಹ ತಾಯಿಯ ಕಿಡ್ನಿಯನ್ನು ತಿರಸ್ಕರಿಸಿಯಾಗಿತ್ತು.

ಹಾಗೆಂದು ಕಸಿಯಾದವರಿಗೆ ರಿಫಾಂಪಿಸಿನ್ ಕೊಡಲೇಬಾರದು ಎಂದಲ್ಲ. ಕೊಡುತ್ತಾರೆ. ಆಗ ಟ್ಯಾಕ್ರೋಲಿಮಸ್ ಪ್ರಮಾಣವನ್ನು ಎರಡರಿಂದ ಐದು ಪಟ್ಟಿನವರೆಗೆ ಏರಿಸಬೇಕಾಗುತ್ತದೆ, ರಕ್ತದಲ್ಲಿ ಅದರ ಮಟ್ಟವನ್ನು ಮತ್ತೆ ಮತ್ತೆ ಅಳೆಯಬೇಕಾಗುತ್ತದೆ. ಇಲ್ಲವೇ ಅದೇ ಬಳಗದ, ಇಷ್ಟು ಜೋರಿಲ್ಲದ ರಿಫಾಬ್ಯುಟಿನ್ ಕೊಡುತ್ತಾರೆ. ಕ್ಷಯದ ಚಿಕಿತ್ಸೆ ಮುಗಿದು ರಿಫಾಂಪಿಸಿನ್ ನಿಲ್ಲಿಸುವಾಗ ಮತ್ತೊಂದು ಎಚ್ಚರ ಬೇಕು: ಏರಿಸಿದ್ದನ್ನು ಇಳಿಸದಿದ್ದರೆ ಟ್ಯಾಕ್ರೋಲಿಮಸ್ ವಿಷವಾಗಿ ಕಿಡ್ನಿಯನ್ನೇ ಕೆಡಿಸುತ್ತದೆ. ಇದನ್ನೆಲ್ಲ ನೀವು ಲೆಕ್ಕ ಹಾಕಬೇಕಾಗಿಲ್ಲ. ನೀವು ಮಾಡಬೇಕಾದದ್ದು ಒಂದು. ದಾವಣಗೆರೆಯಲ್ಲಾಗಲಿ, ನಿಮ್ಮ ಹಳ್ಳಿಯಲ್ಲಾಗಲಿ, ಯಾರು ಯಾವ ಗುಳಿಗೆ ಕೊಡಲು ಬಂದರೂ ಮೊದಲ ಮಾತು 'ನನಗೆ ಕಸಿಯಾಗಿದೆ' ಎಂದಿರಲಿ. ಎರಡನೆಯ ಮಾತು, 'ಬೆಂಗಳೂರಿನ ನಮ್ಮ ವೈದ್ಯರಿಗೆ ಒಂದು ಫೋನ್ ಮಾಡಿ'. ಹೆದ್ದಾರಿಯಲ್ಲಿ 260 ಕಿಲೋಮೀಟರ್ ದೂರ ಇರುವ ವೈದ್ಯರು ಫೋನಿನಲ್ಲಿ ಪಕ್ಕದಲ್ಲೇ ಇರುತ್ತಾರೆ.

ಕಸಿಯಾದವರಲ್ಲಿ ಕ್ಷಯ ಸಿನಿಮಾದಲ್ಲಿ ತೋರಿಸುವಂತೆ ಬರುವುದಿಲ್ಲ. ಹೆಚ್ಚಿನವರಿಗೆ ಮೊದಲ ವರ್ಷದೊಳಗೇ ಬರುತ್ತದೆ. ಮೂರರಲ್ಲಿ ಒಬ್ಬರಿಗೋ ಅದಕ್ಕಿಂತ ಹೆಚ್ಚು ಜನರಿಗೋ ಶ್ವಾಸಕೋಶದ ಹೊರಗೆ, ಗ್ರಂಥಿ, ಹೊಟ್ಟೆ, ಬೆನ್ನುಮೂಳೆ, ಮೆದುಳಿನ ಪೊರೆಯಲ್ಲಿ ಇರುತ್ತದೆ. ಕೆಮ್ಮೇ ಇರದು. ಪ್ರೆಡ್ನಿಸೊಲೋನ್‌ನಂಥ ಸ್ಟೀರಾಯ್ಡ್ ಜ್ವರವನ್ನೂ ಮರೆಮಾಡುತ್ತದೆ. ಸಂಜೆಯ ಸಣ್ಣ ಬಿಸಿ, ರಾತ್ರಿ ದಿಂಬು ತೋಯುವ ಬೆವರು, ಸಡಿಲವಾದ ಪ್ಯಾಂಟು, ಇಷ್ಟೇ. ಒಂದು ವಾರ ಮೀರಿದ ಯಾವ ಜ್ವರವನ್ನೂ ಸುಮ್ಮನೆ ಬಿಡಬೇಡಿ. ಕಿಡ್ನಿ ತಿರಸ್ಕಾರಕ್ಕೆಂದು ದೊಡ್ಡ ಪ್ರಮಾಣದ ಸ್ಟೀರಾಯ್ಡ್ ಸೂಜಿ ತೆಗೆದುಕೊಂಡವರಂತೂ ಮುಂದಿನ ತಿಂಗಳುಗಳಲ್ಲಿ ಇನ್ನೂ ಹುಷಾರಾಗಿರಬೇಕು.

ಇನ್ನು ಸಭೆಯಲ್ಲಿ ಬಂದ ಪ್ರಶ್ನೆಗಳು.

ಹರಿಹರದ ಕಡೆಯ ಒಬ್ಬ ತಾಯಿ ಕೇಳಿದರು: "ಮಗನಿಗೆ ನಾನೇ ಕೊಡುತ್ತೇನೆ ಸಾರ್. ಮದುವೆಗೆ ಮುಂಚೆ ನನಗೆ ಕ್ಷಯ ಆಗಿ ವಾಸಿಯಾಗಿತ್ತು. ಹೇಳಿದರೆ ಬೇಡ ಎಂದುಬಿಡುತ್ತಾರಾ?"

ಇಷ್ಟು ಜನರ ಮುಂದೆ ಎದ್ದು ನಿಂತು ಕೇಳಿದಿರಿ, ನಿಮಗೆ ಕೈಮುಗಿಯುತ್ತೇನೆ ತಾಯಿ. ಪೂರ್ತಿ ಚಿಕಿತ್ಸೆ ಪಡೆದು ವಾಸಿಯಾಗಿದ್ದರೆ ಅಷ್ಟಕ್ಕೇ ದಾರಿ ಮುಚ್ಚುವುದಿಲ್ಲ. ಎಷ್ಟು ತಿಂಗಳು ಔಷಧ ನಡೆಯಿತು, ಕಿಡ್ನಿಗೆ ಏನಾದರೂ ತಗುಲಿತ್ತೇ ಎಂದು ಕಸಿ ವೈದ್ಯರು ನೋಡುತ್ತಾರೆ. ಕೊಡಬಹುದು ಎಂದಾದರೆ ಮಗನಿಗೆ ತಡೆ ಚಿಕಿತ್ಸೆ ಬೇಕೇ ಎಂದು ಯೋಚಿಸುತ್ತಾರೆ. ನೀವು ಹೇಳದಿದ್ದರೆ ಅವನಿಗೆ ಆ ರಕ್ಷಣೆ ಸಿಗುವುದಿಲ್ಲ.

ಚಿತ್ರದುರ್ಗದ ಕಡೆಯ ಒಬ್ಬರು ಹದಿನೆಂಟು ವರ್ಷ ಕಲ್ಲು ಕ್ವಾರಿಯಲ್ಲಿ ಕೆಲಸ ಮಾಡಿದವರು, ಈಗ ಡಯಾಲಿಸಿಸ್‌ನಲ್ಲಿದ್ದಾರೆ. ಕ್ವಾರಿಗೂ ಇದಕ್ಕೂ ಸಂಬಂಧ ಇದೆಯೇ ಎಂದು ಕೇಳಿದರು. ಇದೆ. ಕಲ್ಲಿನ ನುಣ್ಣನೆಯ ಪುಡಿಯಲ್ಲಿರುವ ಸಿಲಿಕಾ, ಕ್ಷಯದ ಅಣುವನ್ನು ನುಂಗಿ ಕೂಡಿಹಾಕುವ ಕಣಗಳನ್ನೇ ಕೊಲ್ಲುತ್ತದೆ. ಕ್ವಾರಿ, ಕ್ರಷರ್, ಗಣಿಯಲ್ಲಿ ದುಡಿದವರು ಆ ವರ್ಷಗಳ ಲೆಕ್ಕವನ್ನೂ ನಾನು ಹೇಳಿದ ಹಾಳೆಯಲ್ಲಿ ಬರೆಯಬೇಕು. 'ಕೂಲಿ' ಎಂದಷ್ಟೇ ಬರೆದರೆ ಯಾರಿಗೂ ತಿಳಿಯುವುದಿಲ್ಲ.

ಕಸಿಯಾದವರು ಬಿಸಿಜಿ ಹಾಕಿಸಿಕೊಳ್ಳಬಹುದೇ ಎಂದು ಒಬ್ಬ ಯುವಕ ಕೇಳಿದ. ಬೇಡ. ಅದು ಜೀವಂತ ಲಸಿಕೆ. ವಯಸ್ಕರಿಗೂ ಅದನ್ನು ಹಾಕುವ ಪ್ರಯತ್ನಗಳು ದೇಶದ ಕೆಲವು ಕಡೆ ನಡೆದಿವೆ. ಯಾರಾದರೂ ಮನೆ ಬಾಗಿಲಿಗೆ ಬಂದರೆ ಕಸಿಯಾಗಿದೆ ಎಂದು ಹೇಳಿ.

ಕೊನೆಯಲ್ಲಿ ಹಿಂದಿನ ಸಾಲಿನಿಂದ ಒಬ್ಬ ಹೆಣ್ಣುಮಗಳು ಎದ್ದು ನಿಂತರು. ಗಂಡನಿಗೆ ಹೋದ ವರ್ಷ ಕಸಿಯಾಗಿದೆ. ಮಾವ ಮಂಡಕ್ಕಿ ಭಟ್ಟಿಯಲ್ಲಿ ಮೂವತ್ತು ವರ್ಷದಿಂದ ಕೆಲಸ ಮಾಡುತ್ತಾರೆ. ಒಂದು ತಿಂಗಳಿನಿಂದ ಕೆಮ್ಮು. "ಭಟ್ಟಿ ಹೊಗೆಯ ಕೆಮ್ಮು, ಅದು ಇದ್ದದ್ದೇ ಎನ್ನುತ್ತಾರೆ ಸಾರ್. ಮನೆ ಎರಡೇ ಕೋಣೆಯದು."

ಭಟ್ಟಿಗಳ ಬೀದಿಯಲ್ಲಿ ನಾನು ಓಡಾಡಿದ್ದೇನಮ್ಮಾ. ಕಾದ ಮರಳಿನಲ್ಲಿ ಅಕ್ಕಿ ಅರಳುವ ಆ ಒಲೆಯ ಮುಂದೆ ಬೆಳಗಿನ ಜಾವದಿಂದ ನಿಲ್ಲುವವರ ಎದೆಯಲ್ಲಿ ಹೊಗೆ ಇಲ್ಲದೆ ಇನ್ನೇನಿರುತ್ತದೆ? ನಿಮ್ಮ ಮಾವನವರ ಮಾತು ನಿಜವೇ ಇರಬಹುದು. ಆದರೆ ಹೊಗೆಯ ಕೆಮ್ಮನ್ನೂ ಕ್ಷಯದ ಕೆಮ್ಮನ್ನೂ ಕಿವಿಯಿಂದ ಕೇಳಿ ಬೇರೆ ಮಾಡಲು ನನ್ನಿಂದಲೂ ಆಗುವುದಿಲ್ಲ. ಎರಡು ವಾರ ದಾಟಿದ ಕೆಮ್ಮಿಗೆ ಕಫ ಪರೀಕ್ಷೆ ಆಗಲೇಬೇಕು. ಬೆಂಗಳೂರಿನಲ್ಲೇ ರೂಪುಗೊಂಡ ಟ್ರೂನ್ಯಾಟ್ ಎಂಬ ಸಣ್ಣ ಯಂತ್ರ ಈಗ ಒಂದೆರಡು ಗಂಟೆಯಲ್ಲಿ ಉತ್ತರ ಹೇಳುತ್ತದೆ. ಸರ್ಕಾರಿ ಆಸ್ಪತ್ರೆಯಲ್ಲಿ ಹಣ ಕೊಡಬೇಕಾಗಿಲ್ಲ. ಅಲ್ಲಿಯವರೆಗೆ ನಿಮ್ಮ ಮಾವನವರು ಕಿಟಕಿ ತೆರೆದ ಕೋಣೆಯಲ್ಲಿ ಮಲಗಲಿ, ನಿಮ್ಮ ಯಜಮಾನರು ಇನ್ನೊಂದರಲ್ಲಿ. ಮನೆಯೊಳಗೆ ಮಾವನವರು ಮಾಸ್ಕ್ ಹಾಕಿಕೊಳ್ಳಲಿ. ಬೇಸರ ಮಾಡಿಕೊಂಡರೆ ಮಗನಿಗಾಗಿ ಎಂದು ಹೇಳಿ.

ಹೊರಗೆ ಆಶಾ ಕಾರ್ಯಕರ್ತೆಯರು ಕುಳಿತಿದ್ದಾರೆ, ಈಗಲೇ ಎರಡು ಡಬ್ಬಿ ಇಸಿದುಕೊಳ್ಳಿ. ನಾಳೆ ಸೋಮವಾರ. ಮಾವನವರು ಎದ್ದ ಕೂಡಲೇ, ಭಟ್ಟಿಗೆ ಹೋಗುವ ಮುಂಚೆ, ಬರಿ ನೀರಿನಿಂದ ಬಾಯಿ ಮುಕ್ಕಳಿಸಿ, ಅಂಗಳಕ್ಕೆ ಬಂದು ಎರಡು ಸಲ ಆಳವಾಗಿ ಉಸಿರೆಳೆದು, ಎದೆಯಿಂದ ಕೆಮ್ಮಿ ಬಂದ ಕಫವನ್ನು ಒಂದರಲ್ಲಿ ತೆಗೆಯಲಿ. ಎಂಜಲು ಬೇಡ. ಇನ್ನೊಂದನ್ನು ಆಸ್ಪತ್ರೆಗೆ ಬಂದ ಮೇಲೆ ಕೊಡಲಿ. ಬರುವಾಗ ನಿಮ್ಮ ಯಜಮಾನರ ಕಸಿಯ ಫೈಲನ್ನೂ ತನ್ನಿ. ಮಾವನವರಿಗೆ ಕ್ಷಯ ಎಂದಾದರೆ, ಅವರಿಗೆ ಔಷಧ ಶುರುವಾದ ದಿನವೇ ನಿಮ್ಮ ಯಜಮಾನರ ಬಗ್ಗೆ ಬೆಂಗಳೂರಿನ ವೈದ್ಯರ ಜೊತೆ ನಾನೇ ಮಾತನಾಡಬೇಕಾಗುತ್ತದೆ.